ಗಿಳಿಯ ಚಿತ್ರ ಬರೆಯಲು ಎಡ್ವರ್ಡ್ ಲಿಯರ್‌ನ ದಾರಿ

ಗಿಳಿಯ ಚಿತ್ರ ಕಲಿಯಲು ಬರುವವರಿಗೆ ನಾನು ಹೇಳುವ ಮೊದಲ ಮಾತು: ಮೊಬೈಲ್ ಜೇಬಿಗೆ ಹಾಕಿ, ಮೃಗಾಲಯಕ್ಕೆ ಹೋಗಿ ಪಂಜರದ ಮುಂದೆ ನಿಲ್ಲಿ. ಈ ಹಠ ನನಗೆ ಬಂದದ್ದು ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಲಿಯರ್‌ನಿಂದ. ಮುಂದೆ 1846ರಲ್ಲಿ ವಿಕ್ಟೋರಿಯಾ ರಾಣಿಗೇ ಚಿತ್ರಕಲೆ ಹೇಳಿಕೊಟ್ಟವನು ಆತ. 1830ರಲ್ಲಿ ಹದಿನೆಂಟರ ಹುಡುಗನಾಗಿ ಲಂಡನ್ ಮೃಗಾಲಯದ ಗಿಳಿಗಳ ಮುಂದೆ ಕುಳಿತ. ಉಳಿದವರು ಹೆಚ್ಚಾಗಿ ಒಣಗಿಸಿಟ್ಟ ಹಕ್ಕಿಗಳನ್ನು ನೋಡಿ ಬರೆಯುತ್ತಿದ್ದ ಕಾಲ ಅದು. ಸತ್ತ ಹಕ್ಕಿಯ ಗರಿಯ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಕಣ್ಣು ಹೋಗುತ್ತದೆ, ಅದರ ಸುತ್ತಲಿನ ಬೋಳು ಚರ್ಮ ಬಣ್ಣಗೆಡುತ್ತದೆ. ಗಿಳಿಯ ಗತ್ತೆಲ್ಲ ಇರುವುದೇ ಅಲ್ಲಿ.

ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಗಿಳಿ ಎಷ್ಟೇ ಚಡಪಡಿಸಿದರೂ ತನಗೆ ಒಗ್ಗಿದ ಭಂಗಿಗೆ ಮರಳುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಶುರುಮಾಡಿಕೊಳ್ಳಿ. ಅದು ತಿರುಗಿದರೆ ಮುಂದಿನದಕ್ಕೆ ಹೋಗಿ, ಮರಳಿದರೆ ನೀವೂ ಮರಳಿ. ಲಿಯರ್‌ಗಾದರೆ ಮೃಗಾಲಯದ ನೌಕರ ಹಕ್ಕಿಯನ್ನು ಹಿಡಿದುಕೊಡುತ್ತಿದ್ದ, ಈತ ರೆಕ್ಕೆ, ಕಾಲುಗಳ ಅಳತೆ ತೆಗೆದುಕೊಳ್ಳುತ್ತಿದ್ದ. ನಮಗೆ ಆ ಭಾಗ್ಯವಿಲ್ಲ. ಕೈ ನೀಟಾಗಿ ಚಾಚಿ, ಪೆನ್ಸಿಲ್ ತುದಿಯಿಂದ ತಲೆಯನ್ನು ಅಳೆಯಿರಿ. ಮೈ ಎಷ್ಟು ತಲೆಯುದ್ದ, ಬಾಲ ಎಷ್ಟು ಎಂದು ಗುರುತು ಹಾಕಿ.

ಕಾಲನ್ನು ಅಂದಾಜಿನಲ್ಲಿ ಬರೆಯಲೇಬೇಡಿ. ಗಿಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಕಾಗೆಯ ಕಾಲು ಅಂಟಿಸಿದ ಗಿಳಿಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬೆನ್ನಿನ ಗರಿಗಳನ್ನು ಒಂದೊಂದಾಗಿ ಎಣಿಸಬೇಕಾಗಿಲ್ಲ. ಸಾಲುಗಳು ಹೆಗಲ ಬಳಿ ಎತ್ತ ತಿರುಗುತ್ತವೆ ಎಂಬುದನ್ನು ಹಿಡಿದರೆ ಸಾಕು. ರೆಕ್ಕೆಯ ಉದ್ದ ಗರಿಗಳಿಗೆ ಮಾತ್ರ ಬಿಡಿಬಿಡಿಯಾಗಿ ಅಂಚು ಕೊಡಿ.

ಇನ್ನು ಬಣ್ಣ. ಟ್ಯೂಬಿನ ಹಸಿರನ್ನು ನೇರವಾಗಿ ಬಳಿದರೆ ಗಿಳಿ ಪ್ಲಾಸ್ಟಿಕ್ಕಿನದಾಗುತ್ತದೆ. ಗಿಳಿಯ ಹಸಿರೇ ಎರಡರ ಕೂಟ: ಗರಿಯೊಳಗಿನ ಹಳದಿ ವರ್ಣದ್ರವ್ಯ, ಗರಿಯ ರಚನೆಯಿಂದಲೇ ಹೊಮ್ಮುವ ನೀಲಿ. ಜಲವರ್ಣದಲ್ಲಿ ನೀವೂ ಹಾಗೇ ಮಾಡಿ. ತೆಳು ಹಳದಿ ಬಳಿದು, ಪೂರ್ತಿ ಒಣಗಿದ ಮೇಲೆ ತೆಳು ನೀಲಿ ಎಳೆಯಿರಿ. ಪ್ರತಿ ಬಣ್ಣವನ್ನೂ ಮೊದಲು ಹಾಳೆಯ ಅಂಚಿನಲ್ಲಿ ಹಚ್ಚಿ ನೋಡಿ. ಲಿಯರ್‌ನ ಹಾಳೆಗಳ ಅಂಚಿನಲ್ಲೂ ಇಂಥ ಬಣ್ಣದ ಗುರುತುಗಳಿವೆ. ತನ್ನನ್ನು ದಿಟ್ಟಿಸುತ್ತಿದ್ದ ಜನರ ಮುಖಗಳನ್ನೂ ತುಂಟತನದಿಂದ ಗೀಚಿಟ್ಟಿದ್ದಾನೆ. ಅಭ್ಯಾಸಕ್ಕೆ ಅವನ ಗಿಳಿಗಳ ಪುಸ್ತಕದ 42 ಚಿತ್ರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿಯನ್ನು ಹುಡುಕಿ ನೋಡಿ. ಪಾರಿವಾಳದಂಥ ಬೂದು ಮೈಗೆ ನೀಲಿ ಹೇಗೆ ಸೇರುತ್ತದೆಂದು ಅಲ್ಲಿ ಕಲಿಯಬಹುದು.

ಮುಗಿಯಿತು ಅನಿಸಿದಾಗ ಚಿತ್ರವನ್ನು ಕನ್ನಡಿಗೆ ಹಿಡಿಯಿರಿ, ಸೊಟ್ಟಗಿರುವುದು ಥಟ್ಟನೆ ಕಾಣುತ್ತದೆ. ಲಿಯರ್ ಚಿತ್ರಗಳನ್ನು ಮುದ್ರಣದ ಕಲ್ಲಿನ ಮೇಲೆ ತಾನೇ ಬರೆಯುತ್ತಿದ್ದ. ಕನ್ನಡಿಯಲ್ಲಿ ಆಗುವಂತೆಯೇ ಅಲ್ಲೂ ಕಲ್ಲಿನ ಎಡ ಕಾಗದದ ಬಲವಾಗುತ್ತದೆ.

ಕೊನೆಗೆ ಹಕ್ಕಿಯ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪಂಜರದ ಫಲಕದ ಹೆಸರು ನೋಡಿ ಬಣ್ಣ ತಿದ್ದಬೇಡಿ. ಲಿಯರ್ ಹಯಸಿಂತ್ ಮಕಾವ್ ಎಂಬ ಹೆಸರಿನಡಿ ಕಂಡಂತೆ ಬರೆದ ನೀಲಿ ಗಿಳಿ ಬೇರೆಯದೇ ಜಾತಿಯದು ಎನ್ನುತ್ತಾರೆ. 1856ರಲ್ಲಿ ಅದಕ್ಕೆ ಅವನ ಹೆಸರನ್ನೇ ಇಟ್ಟರು.