ಮಾಡೆಲ್ ರೈಲಿನ ಸ್ಟೇಷನ್‌ಗೆ ಕಲ್ಲಿನ ಗೋಡೆ

ಎಚ್‌ಒ ಸ್ಕೇಲಿನಲ್ಲಿ, ಅಂದರೆ ನಿಜ ಅಳತೆಯ 87ರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಮಾಡಿದ ಮಾಡೆಲ್ ರೈಲು ಓಡಿಸುವವರಿಗೆ ಒಂದು ಮಾತು. ವಿದೇಶಿ ಸ್ಟೇಷನ್ ಕಿಟ್ ತರಿಸಿ ಹಾಗೇ ಅಂಟಿಸಿದರೆ ಅದು ಜರ್ಮನಿಯ ಹಳ್ಳಿ ಥರ ಕಾಣುತ್ತದೆ, ನಮ್ಮ ಬೆಳಗಾವಿ-ಲೋಂಡಾ ದಾರಿಯ ಸ್ಟೇಷನ್ ಥರ ಅಲ್ಲ. ಗೋಡೆಯನ್ನಾದರೂ ನೀವೇ ಮಾಡಿ. ಸ್ಟೇಷನರಿ ಅಂಗಡಿಯಲ್ಲಿ ಫೋಮ್ ಬೋರ್ಡ್ ತಗೊಳ್ಳಿ. ಒಂದು ಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದುಬಿಡಿ, ಆಮೇಲೆ ಇಂಕು ಮುಗಿದ ಬಾಲ್‌ಪೆನ್ನಿನಿಂದ ಕಲ್ಲಿನ ಸಂದುಗಳನ್ನು ಒತ್ತಿ ಗೀರಿ. ಎಲ್ಲ ಕಲ್ಲೂ ಒಂದೇ ಅಳತೆ ಬೇಡ, ಮೂಲೆಗೆ ದೊಡ್ಡವು, ನಡುವೆ ಚಿಕ್ಕವು ಇರಲಿ. ಮೊದಲು ಕಡು ಬೂದು ಅಕ್ರಿಲಿಕ್ ಬಳಿಯಿರಿ. ಅದು ಒಣಗಿದ ಮೇಲೆ ತಿಳಿ ಬೂದು ಬಣ್ಣದಲ್ಲಿ ಬ್ರಷ್ ಅದ್ದಿ, ಹೆಚ್ಚುಕಡಿಮೆ ಎಲ್ಲವನ್ನೂ ಬಟ್ಟೆಗೆ ಒರೆಸಿ, ಉಳಿದಷ್ಟನ್ನೇ ಗೋಡೆಯ ಮೇಲೆ ಹಗುರವಾಗಿ ಸವರಿದರೆ ಒಂದೊಂದು ಕಲ್ಲಿನ ಅಂಚೂ ಎದ್ದು ಬರುತ್ತದೆ, ನೋಡೋಕೆ ಬಹಳ ಚಂದ. ಸ್ಪ್ರೇ ಪೇಂಟ್ ಮಾತ್ರ ಮುಟ್ಟಬೇಡಿ, ಫೋಮ್ ಕರಗುತ್ತದೆ.

ಅಳತೆ ತಪ್ಪಿದರೆ ಇಷ್ಟೆಲ್ಲ ಮಾಡಿದ್ದೂ ಸುಮ್ನೆ, ಅಲ್ವಾ? ಎಚ್‌ಒ ಅಂದರೆ 1:87. ಹಾಗಾಗಿ 7 ಅಡಿ ಬಾಗಿಲಿಗೆ ಸುಮಾರು 24.5 ಮಿ.ಮೀ. ಎತ್ತರ ಬಿಡಿ. ಹೆಸರಿನ ಫಲಕ ಹಳದಿ, ಅಕ್ಷರ ಕಪ್ಪು. ಕನ್ನಡದಲ್ಲಿ ಊರ ಹೆಸರು ಬರೆಯೋದನ್ನು ಮರೆಯಬೇಡಿ.