ಪೆಲೆಟ್ ಆರಿಸುವ ಕೆಲಸ: ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ನನ್ನ ಅನುಭವ

ಏರ್ ರೈಫಲ್‌ನ ಸೀಸದ ಗುಂಡುಗಳಾದ ಪೆಲೆಟ್‌ಗಳನ್ನು ಒಂದೊಂದಾಗಿ ತೂಗುವುದಕ್ಕಿಂತ, ರೈಫಲ್ಲನ್ನು ಅಲುಗದಂತೆ ಕ್ಲ್ಯಾಂಪಿಗೆ ಬಿಗಿದು ಹೊಡೆದು ನಮ್ಮ ಬ್ಯಾರೆಲ್ಲಿಗೆ (ನಳಿಕೆಗೆ) ಹೊಂದುವ ಲಾಟನ್ನು (ಒಟ್ಟಿಗೆ ತಯಾರಾದ ಕಂತನ್ನು) ಹುಡುಕಿ, ಆಮೇಲೆ ಹಿಂಭಾಗದ ಅಂಚು ಕೆಟ್ಟವನ್ನಷ್ಟೇ ತೆಗೆದುಹಾಕುವುದು ಹೆಚ್ಚು ಫಲ ಕೊಡುತ್ತದೆ ಎಂದು ನಾನು ಹೇಳಿದಾಗ ದಾವಣಗೆರೆಯಲ್ಲಿ ಜೊತೆಗೆ ಅಭ್ಯಾಸ ಮಾಡುವ ಹಿರಿಯರು ಯಾರೂ ಒಪ್ಪಲಿಲ್ಲ. ಈಗ ಅವರೇ ತಮ್ಮ ರೈಫಲ್ ತಂದು ನನ್ನ ಕ್ಲ್ಯಾಂಪಿಗೆ ಕಟ್ಟಿಸಿ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ತೂಕದ ದಾರಿಯನ್ನೇ ಹಿಡಿದಿದ್ದೆ. ಚಿನ್ನಬೆಳ್ಳಿ ಅಂಗಡಿಯವರು ಬಳಸುವಂಥ ಮಿಲಿಗ್ರಾಂ ತಕ್ಕಡಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಕೊಟ್ಟು, ಬೇಸಿಗೆಯ ಸೆಕೆಯಲ್ಲಿ ಫ್ಯಾನ್ ಆರಿಸಿ ಕುಳಿತು, 0.53 ಗ್ರಾಂ ಪೆಲೆಟ್‌ಗಳ ಡಬ್ಬಿಗಟ್ಟಲೆ ತೂಗಿದೆ. ಗ್ರೂಪ್, ಅಂದರೆ ಗುರಿಹಾಳೆಯಲ್ಲಿ ತೂತುಗಳು ಹರಡುವ ಅಗಲ, ಮಾತ್ರ ಚಿಕ್ಕದಾಗಲಿಲ್ಲ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ: ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ಸಾಗುವಷ್ಟರಲ್ಲಿ 17–18 ಮಿ.ಮೀ. ಇಳಿಯುತ್ತದೆ, ತೂಕದಲ್ಲಿ ಐದು ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಆ ಇಳಿತ ಬದಲಾಗುವುದು 0.2 ಮಿ.ಮೀ. ಒಳಗೇ. ಅರ್ಧ ಮಿ.ಮೀ. ಚುಕ್ಕೆಯನ್ನು ಪೆಲೆಟ್ಟಿನ ಅಂಚು ತಾಗಿದರೂ ಹತ್ತು ಅಂಕ ಸಿಗುವ ಗುರಿಹಾಳೆಯಲ್ಲಿ ಅಷ್ಟಕ್ಕಾಗಿ ರಾತ್ರಿಗಳನ್ನು ಕಳೆಯಬೇಕಿಲ್ಲ.

ನಡುವೆ ಪೆಲೆಟ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ತೆಳು ಎಣ್ಣೆ ಸವರಿಯೂ ನೋಡಿದೆ. ಬ್ಯಾರೆಲ್ ಆ ಎಣ್ಣೆಗೆ ಹೊಂದಿಕೊಳ್ಳುವವರೆಗೆ ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫಿನ ಅಂಕಿಗಳು ಚೆದುರುತ್ತಲೇ ಇದ್ದವು, ಆಮೇಲೂ ಹೇಳಿಕೊಳ್ಳುವಂಥ ಲಾಭ ಕಾಣದೆ ಅದನ್ನು ಕೈಬಿಟ್ಟೆ.

ಫಲ ಕೊಟ್ಟದ್ದು ಕ್ಲ್ಯಾಂಪ್. ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಆರು ಸಾವಿರದೊಳಗೆ ಮಾಡಿಸಿ, ಬಳಕೆಯಿಲ್ಲದ ಒಂದು ಅಕ್ಕಿ ಗೋದಾಮಿನ ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿಸಿದೆ. ಮರದ ಮೇಜಿನ ಮೇಲೆ ಕೂರಿಸಿದ್ದಾಗ ಪ್ರತಿ ಸಲ ಪೆಲೆಟ್ ತುಂಬಲು ರೈಫಲ್ಲಿನ ಬೋಲ್ಟ್ ಎಳೆದಾಗಲೂ ಗುರಿ ಸರಿಯುತ್ತಿತ್ತು. ಅಲ್ಲಿ 4.49, 4.50, 4.51 ಮಿ.ಮೀ. ಅಗಲದ ತಲೆಯ ಪೆಲೆಟ್‌ಗಳನ್ನು ಲಾಟಿಗೆ ಹತ್ತರಂತೆ ಹೊಡೆದಾಗ ನನಗೇ ಅಚ್ಚರಿಯಾಯಿತು. 4.50ರ ಒಂದು ಲಾಟು ಅಂಚಿನಿಂದ ಅಂಚಿಗೆ ಐದೂವರೆ ಮಿ.ಮೀ. ಗ್ರೂಪ್ ಕೊಟ್ಟರೆ, ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಲಾಟು ಎಂಟನ್ನು ದಾಟಿತು. ಹಾಗಾಗಿ ಡಬ್ಬಿಯ ಮೇಲಿನ ಅಳತೆಗಿಂತ ಲಾಟಿನ ಸಂಖ್ಯೆ ಮುಖ್ಯ. ಹೊಂದಿದ ಲಾಟು ಸಿಕ್ಕ ಕೂಡಲೇ ಇಪ್ಪತ್ತರಷ್ಟು ಡಬ್ಬಿ ಒಟ್ಟಿಗೆ ತರಿಸಿದೆ. ಇಪ್ಪತ್ತೈದು ಸಾವಿರದ ಆಸುಪಾಸು ಖರ್ಚಾಗಿ ಮನೆಯಲ್ಲಿ ಮಾತು ಕೇಳಬೇಕಾಯಿತು, ಆದರೆ ಅರವತ್ತು ಗುಂಡಿನ ಮೊತ್ತ ಐದಾರು ಅಂಕ ಮೇಲೇರಿ ಅಲ್ಲೇ ನಿಂತಿದೆ.

ಪಾರ್ಸೆಲ್‌ನಲ್ಲಿ ಬರುವಾಗ ಕೆಲವು ಪೆಲೆಟ್‌ಗಳ ಹಿಂಭಾಗದ ಅಂಚು ತಗ್ಗುತ್ತದೆ. ತುಸು ಓರೆಯಾಗಿ ಇಟ್ಟ ಗಾಜಿನ ಮೇಲೆ ಉರುಳಿಸಿದರೆ ಒಳ್ಳೆಯವೆಲ್ಲ ಒಂದೇ ಬಾಗಿನಲ್ಲಿ ತಿರುಗಿ ಹೋಗುತ್ತವೆ, ಕೆಟ್ಟವು ದಾರಿ ತಪ್ಪುತ್ತವೆ. ಗಾಜಿನ ಓರೆ ಎಷ್ಟು, ಬೆಳಕು ಯಾವ ಕಡೆಯಿಂದ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು, ಮಕ್ಕಳು ಓಡಾಡುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಸುರಕ್ಷತೆಯ ವಿಷಯದಲ್ಲಿ ನಾನು ಹೆಚ್ಚು ಭಯಪಡುವುದು ಪೆಲೆಟ್ಟನ್ನು ತಳ್ಳುವ ಗಾಳಿ ತುಂಬಿಟ್ಟ, ರೈಫಲ್ಲಿನ ಸಿಲಿಂಡರಿಗೆ. 200 ಬಾರ್ ಒತ್ತಡದ ಗಾಳಿ ಕೆನ್ನೆಯ ಹತ್ತಿರವೇ ಇರುತ್ತದೆ. ಅದರ ಮೇಲೆ ಕೊರೆದ ಅವಧಿ ಮುಗಿದಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬಳಸಬಾರದು. ಕೈಪಂಪಿನಲ್ಲಿ ತುಂಬುವವರು ತೇವ ಹೀರುವ ಫಿಲ್ಟರ್ ಹಾಕದಿದ್ದರೆ ಒಳಗೆ ನೀರು ಸೇರುತ್ತದೆ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ತುಂಬಿಸಿಕೊಳ್ಳಿ ಎಂದು ಸಲಹೆ ಕೊಟ್ಟವರೂ ಉಂಟು. ಒತ್ತಡದ ಆಮ್ಲಜನಕಕ್ಕೆ ತುಸು ಎಣ್ಣೆ ಸೋಕಿದರೂ ಸ್ಫೋಟವಾಗಬಹುದಾದ್ದರಿಂದ ಅಂಥವರ ಮಾತನ್ನು ಕೇಳಲೇಬಾರದು. ಒಂಬತ್ತು ಸಾವಿರದ ಕ್ರೋನೋಗ್ರಾಫ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬಂತು: ವೇಗ ಸೆಕೆಂಡಿಗೆ ಎರಡು ಮೀಟರಿಗಿಂತ ಹೆಚ್ಚು ಏರಿಳಿಯತೊಡಗಿದರೆ ಪೆಲೆಟ್ಟನ್ನು ದೂರದೆ ಗಾಳಿಯ ಒತ್ತಡ ಸಮನಾಗಿಡುವ ರೆಗ್ಯುಲೇಟರ್ ಮತ್ತು ಸೀಲುಗಳನ್ನು ದುರಸ್ತಿಗೆ ತೋರಿಸುತ್ತೇನೆ.

ಚಿತ್ರದುರ್ಗದ ಗೆಳೆಯರೊಬ್ಬರು ನನ್ನ ಲಾಟಿನ ಎರಡು ಡಬ್ಬಿ ಒಯ್ದಿದ್ದರು. ಅದೇ ಮಾದರಿಯ ಅವರ ರೈಫಲ್‌ನಲ್ಲಿ ಅದು ಏಳು ಮಿ.ಮೀ.ಗಿಂತ ಕೆಳಗೆ ಇಳಿಯಲೇ ಇಲ್ಲ, 4.49ರ ಬೇರೊಂದು ಲಾಟು ಸರಿಹೋಯಿತು. ಆದ್ದರಿಂದ ನನ್ನ ಲಾಟಿನ ಸಂಖ್ಯೆ ಕೇಳಿ ಹಣ ಹಾಕಬೇಡಿ. ರೈಫಲ್ ತಂದು ಕ್ಲ್ಯಾಂಪಿಗೆ ಕಟ್ಟಿ, ನಿಮ್ಮ ಬ್ಯಾರೆಲ್ಲಿಗೆ ಯಾವುದು ಹೊಂದುತ್ತದೆಂದು ನೋಡಿಕೊಂಡು ಆಮೇಲೆ ತರಿಸಿ.