ಕಂಪ್ಯೂಟರ್ ಆಗಾಗ ಸಾಯುತ್ತಿದೆಯಾ? ಗ್ರಾಫಿಕ್ಸ್ ಕಾರ್ಡನ್ನು ಬೈಯುವ ಮೊದಲು ಇದನ್ನು ನೋಡಿ

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡಲು (ಚಿತ್ರ ತಯಾರಿಸಲು) ಅಂತ ನಾನೊಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡೆ. 350 ವಾಟ್ ಎಳೆಯುವಂಥದ್ದು. ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ಕಂಪ್ಯೂಟರ್ ಪಟ್ಟನೆ ಆಫ್. ಡ್ರೈವರ್ ತೆಗೆದು ಹಾಕಿದೆ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಮೂರು ವಾರ ಹೀಗೇ ಹೋಯಿತು. ಕೊನೆಗೆ ನೋಡಿದರೆ ಕಾರ್ಡಿಗೆ ಏನೂ ಆಗಿರಲಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಚೀಟಿ ಇಟ್ಟುಕೊಳ್ಳಿ. ಯಾವಾಗ ಸತ್ತಿತು, ಹೇಗೆ ಸತ್ತಿತು, ಆಗ ಏನು ಓಡುತ್ತಿತ್ತು, ಅಷ್ಟು ಬರೆದರೆ ಸಾಕು. ಕರೆಂಟ್ ಹೋದ ಹಾಗೆ ಪೂರ್ತಿ ಆಫ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಮೇಲೆ. ಪರದೆ ಕಪ್ಪಾಗಿ, ಫ್ಯಾನ್ ಜೋರಾಗಿ ಕೂಗುತ್ತಾ, ಹಾಡು ಮಾತ್ರ ಇನ್ನೂ ಕೇಳುತ್ತಿದ್ದರೆ ಕಾರ್ಡೋ ಅದರ ಕೇಬಲ್ಲೋ. ನೀಲಿ ಪರದೆ ಬಂದು ಪ್ರತಿ ಸಲ ಬೇರೆ ಬೇರೆ ಸಂದೇಶ ತೋರಿಸಿದರೆ ರ್‍ಯಾಮ್ ನೋಡಿ. ಹೊತ್ತೂ ಮುಖ್ಯ. ಕೆಲಸ ಶುರುವಾದ ತಕ್ಷಣ ಸತ್ತರೆ ಪವರ್, ಇಪ್ಪತ್ತು ನಿಮಿಷ ಓಡಿ ಸತ್ತರೆ ಬಹುಮಟ್ಟಿಗೆ ಬಿಸಿ.

ಆಮೇಲೆ ಈವೆಂಟ್ ವ್ಯೂವರ್ ತೆರೆಯಿರಿ, ಏನೇನಾಯಿತು ಅಂತ ವಿಂಡೋಸ್ ಸಂಖ್ಯೆ ಹಾಕಿ ಬರೆದಿಡುವ ಜಾಗ ಅದು. ಕರ್ನಲ್-ಪವರ್ 41 ಅಂತ ಕೆಂಪಗೆ ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಅಷ್ಟೇ ಅದು ಹೇಳುವುದು, ಕಾರಣ ಹೇಳುವುದಿಲ್ಲ. 4101 ಇದ್ದರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ನಿಂತು ಮತ್ತೆ ಎದ್ದಿದೆ ಅಂತ ಅರ್ಥ. ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡ್ ಕಾಯುತ್ತದೆ, ಆಮೇಲೆ ಕಾರ್ಡನ್ನು ರೀಸೆಟ್ ಮಾಡುತ್ತದೆ. ಲಿನಕ್ಸ್ ಆದರೆ ಕರ್ನಲ್ ಲಾಗಿನಲ್ಲಿ ಎಕ್ಸ್‌ಐಡಿ 79 ಅನ್ನುವ ದೋಷ ಸಂಖ್ಯೆ ಇದೆಯಾ ಹುಡುಕಿ. ಎನ್‌ವಿಡಿಯಾ ಕಾರ್ಡ್ ಸಿಸ್ಟಮ್‌ಗೆ ಕಾಣದೇ ಹೋಯಿತು ಅಂತ ಅದರ ಅರ್ಥ. ಪವರ್, ಬಿಸಿ, ಸ್ಲಾಟಿನಲ್ಲಿ ಸರಿಯಾಗಿ ಕೂರದಿರುವುದು, ಈ ಮೂರನ್ನೂ ನೋಡಬೇಕು.

ಈಗ ಪವರ್. ನನ್ನ ಮೂರು ವಾರ ಹಾಳಾಗಿದ್ದು ಇಲ್ಲೇ. ಸ್ಲಾಟಿನಿಂದ 75 ವಾಟ್, ಒಂದೊಂದು 8 ಪಿನ್ ಕನೆಕ್ಟರಿನಿಂದ 150 ವಾಟ್, ಇದು ಲೆಕ್ಕ. ನನ್ನ ಕಾರ್ಡಿಗೆ ಅಂಥ ಎರಡು ಬೇಕಿತ್ತು, ನಾನು ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಚುಚ್ಚಿ ಸುಮ್ಮನಾಗಿದ್ದೆ. ಕಾರ್ಡ್ ಕೆಲವು ಮಿಲಿಸೆಕೆಂಡ್ ಹೊತ್ತು ತನ್ನ ರೇಟಿಂಗ್‌ಗಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ, ಸರಾಸರಿ ತೋರಿಸುವ ಸಾಫ್ಟ್‌ವೇರ್‌ಗೆ ಅದು ಕಾಣುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಕೇಬಲ್ ಹಾಕಿದ ಮೇಲೆ ಕಾಟ ನಿಂತಿತು. ಆ ಎರಡನೇ ಕೇಬಲ್ ಡಬ್ಬದಲ್ಲೇ ಇತ್ತು, ಕವರ್ ಕೂಡ ಒಡೆದಿರಲಿಲ್ಲ! ಆದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಮಾತ್ರ ಹಾಕಬೇಡಿ. ಪ್ಲಗ್ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಸುಟ್ಟುಹೋಗುತ್ತದೆ. ಮುಟ್ಟುವ ಮೊದಲು ಗೋಡೆಯ ಪ್ಲಗ್ ಕಿತ್ತಿಡಿ.

ಯುಪಿಎಸ್ಸನ್ನೂ ಮರೆಯಬೇಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಸುಮಾರು 360 ವಾಟ್ ತಾಳುತ್ತದೆ. ಕಾರ್ಡ್ ಒಂದೇ ಅಷ್ಟು ತಿಂದರೆ ಪ್ರೊಸೆಸರ್‌ಗೆ ಏನು ಉಳಿಯಿತು? ಕರೆಂಟ್ ಒಂದು ಕ್ಷಣ ಮಿಣುಕಿದರೂ ಎಲ್ಲಾ ಆಫ್. ಎರಡು ದಿನ ನೇರ ಗೋಡೆಗೆ ಚುಚ್ಚಿ ನೋಡಿ.

ಕಾಸಿಲ್ಲದ ಒಂದು ಪರೀಕ್ಷೆ ಇದೆ, ನಾನಾದರೆ ಈಗ ಇದನ್ನೇ ಮೊದಲು ಮಾಡುತ್ತೇನೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 70 ಪರ್ಸೆಂಟಿಗೆ ಇಳಿಸಿ. ಕ್ರ್ಯಾಶ್ ನಿಂತರೆ ತೊಂದರೆ ಬಹುಮಟ್ಟಿಗೆ ಪವರ್ ಅಥವಾ ಬಿಸಿಯದ್ದು. ಯಾವುದು ಅಂತ ತಿಳಿಯಲು ಲಿಮಿಟ್ ಮತ್ತೆ ಮೇಲಕ್ಕೇರಿಸಿ, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಓಡಿಸಿ. ಆಗಲೂ ಸಾಯದಿದ್ದರೆ ಧೂಳು ಹೊಡೆಯುವ ಕೆಲಸ ಬಾಕಿ ಇದೆ ಅಂತಾಯಿತು. ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನಲ್ಲಿ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ), ಕಾರ್ಡಿನ ಮೆಮೊರಿ ಎರಡರ ಬಿಸಿಯನ್ನೂ ನೋಡಿ. ಕೋರ್ 70 ಡಿಗ್ರಿ ತೋರಿಸುತ್ತಾ ಮೆಮೊರಿ 100 ದಾಟಿರುವುದು ಹಳೆಯ ಕಾರ್ಡುಗಳಲ್ಲಿ ಅಪರೂಪವೇನಲ್ಲ.

ರ್‍ಯಾಮಿಗೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಅದರ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ, ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಚ್ಚಿ ಮಲಗಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಇದ್ದರೆ ಇನ್ನೊಂದು ಮಾತು. ವಿಡಿಯೋ ಮೆಮೊರಿ ಸಾಲದು ಅಂತ ಗೇಮ್ ನಿಂತರೂ ತಪ್ಪು ಪ್ರೊಸೆಸರಿನದೇ ಇರಬಹುದು. 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸಾಫ್ಟ್‌ವೇರ್) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಅದು ಸಿಗಲು ಬಯೋಸ್ ಅಪ್‌ಡೇಟ್ ಮಾಡಿ, ಆದರೆ ಆಗಲೇ ಕೆಟ್ಟ ಚಿಪ್ ಅದರಿಂದ ರಿಪೇರಿಯಾಗುವುದಿಲ್ಲ.

ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರನ್ನು ಬೇರುಸಹಿತ ಅಳಿಸುವ ಸಾಫ್ಟ್‌ವೇರ್) ಬಳಸಿ ಒಂದೇ ಸಲ ಪೂರ್ತಿ ತೆಗೆದು ಮತ್ತೆ ಹೊಸದಾಗಿ ಹಾಕಿ, ಸಾಕು. ದಿನಾ ಅದನ್ನೇ ಮಾಡುತ್ತಾ ಕೂರಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಚೀಟಿಯಲ್ಲಿ ಬರೆಯಿರಿ. ಮೂರು ದಿನಕ್ಕೊಮ್ಮೆ ಸಾಯುತ್ತಿದ್ದ ಕಂಪ್ಯೂಟರ್ ನಾಲ್ಕು ದಿನ ಓಡಿದರೆ ಗೆದ್ದೆ ಅನ್ನಬೇಡಿ, ಹತ್ತು ದಿನವಾದರೂ ಕಾಯಿರಿ. ಇಷ್ಟೆಲ್ಲಾ ಆಗಿಯೂ ನಿಲ್ಲದಿದ್ದರೆ, ಗಟ್ಟಿ ಎಸ್‌ಎಂಪಿಎಸ್ ಇರುವ ಸ್ನೇಹಿತರ ಕಂಪ್ಯೂಟರ್‌ಗೆ ಕಾರ್ಡ್ ಹಾಕಿ ಒಂದು ವಾರ ಓಡಿಸಲು ಹೇಳಿ. ಅಲ್ಲೂ ಸತ್ತರೆ ಮಾರಿದವನಿಗೆ ಫೋನ್ ಮಾಡಬಹುದು.